ದಿನಕ್ಕೆ ಒಂದು ಮಿಲಿಮೀಟರ್

ನನ್ನ ಗಂಡ ಸ್ಕೂಟರಿನಿಂದ ಬಿದ್ದದ್ದು ವೇಗದಿಂದಲ್ಲ, ಮಳೆಯಿಂದಲ್ಲ, ರಸ್ತೆಯ ಗುಂಡಿಯಿಂದಲೂ ಅಲ್ಲ. ಟಿನ್ ಫ್ಯಾಕ್ಟರಿ ಹತ್ತಿರ ರಸ್ತೆ ಬದಿಯ ಕಬ್ಬಿಣದ ಬೇಲಿಯೊಂದರ ವೆಲ್ಡಿಂಗ್ ಅವರಿಗೆ ಸರಿ ಕಾಣಲಿಲ್ಲ, ಅದಕ್ಕೆ. ಮೂವತ್ತಾರು ವರ್ಷ ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದವರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದ ಬಿಡಿಭಾಗವನ್ನು ಎತ್ತಿ ಆಚೆ ಎಸೆದು ಹೆಸರು ಮಾಡಿದವರು. ಅಂಥವರು ಸೊಟ್ಟ ವೆಲ್ಡಿಂಗ್ ಕಂಡು ಸುಮ್ಮನೆ ಮುಂದೆ ಹೋಗುವುದುಂಟೆ? ತಲೆ ತಿರುಗಿಸಿ ಚೆನ್ನಾಗಿ ನೋಡಿದರು. ಅವರು ನೋಡುತ್ತಿರುವಾಗಲೇ ಸ್ಕೂಟರ್ ಹೋಗಿ ಅದೇ ಬೇಲಿಗೆ ಗುದ್ದಿತು. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ನನಗೆ ಹೇಳಿದ ಮೊದಲ ಮಾತು, "ನೋಡ್ದ್ಯಾ, ಒಂದು ಏಟಿಗೇ ಬಿಟ್ಕೊಂಡ್ತು."

ಬಿಟ್ಟುಕೊಂಡಿದ್ದು ವೆಲ್ಡಿಂಗ್ ಒಂದೇ ಅಲ್ಲ, ಅವರ ಬಲಗಾಲಿನ ಕಣಕಾಲ ಮೂಳೆ ಕೂಡ. ಅದು ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು, ರಸ್ತೆಯ ಕೊಳೆಯೆಲ್ಲ ಒಳಗೆ ಹೋಗಿತ್ತು. ಎರಡು ಆಪರೇಷನ್ ಆಯಿತು, ಕೀವು ನಿಲ್ಲಲಿಲ್ಲ. ಮೂರು ತಿಂಗಳ ಮೇಲೆ ಕಂಟೋನ್ಮೆಂಟ್ ಕಡೆಯ ಒಂದು ಆಸ್ಪತ್ರೆಯಲ್ಲಿ ಹೊಸ ಡಾಕ್ಟರ ಮುಂದೆ ಹೋಗಿ ಕೂತೆವು. ನಮಗೆ ಮಕ್ಕಳಿಲ್ಲ, ಇದ್ದಿದ್ದರೆ ಈ ಡಾಕ್ಟರ ವಯಸ್ಸಾಗಿರುತ್ತಿತ್ತು. ಆತ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಸಾವಧಾನವಾಗಿ, ಮರ್ಯಾದೆಯಿಂದ ಹೇಳಿದರು.

"ನಾಲ್ಕು ಸೆಂಟಿಮೀಟರ್ ಮೂಳೆ ಸತ್ತೋಗಿದೆ ಮೇಡಂ. ಅದನ್ನ ತೆಗೀಲೇಬೇಕು. ಅಷ್ಟು ಹೊಸ ಮೂಳೆ ಬೆಳೀತು ಅಂದ್ರೆ ಸರ್ ಕಾಲು ಉಳಿಯುತ್ತೆ. ಬೆಳೀಲಿಲ್ಲ ಅಂದ್ರೆ..." ಎಂದು ತಮ್ಮ ಅಂಗೈಯನ್ನು ತಮ್ಮದೇ ಮೊಣಕಾಲಿನ ಕೆಳಗೆ ಅಡ್ಡ ಇಟ್ಟು ತೋರಿಸಿದರು. ನಾನು ಆ ಕೈಯನ್ನೇ ನೋಡುತ್ತಾ ಕೂತೆ. ನನ್ನ ಗಂಡ ಮಾತ್ರ ನಾಲ್ಕು ಎಂದರೆ ಸರಿಯಾಗಿ ನಾಲ್ಕೋ, ಸುಮಾರು ನಾಲ್ಕೋ ಎಂದು ಕೇಳಿದರು.

ಮೂಳೆ ಬೆಳೆಸುವುದು ಈಗಿನ ಕಾಲದಲ್ಲಿ ಏನೂ ದೊಡ್ಡ ವಿಷಯವಲ್ಲವೆಂದು ಆ ವಾರ ನನಗೆ ಗೊತ್ತಾಯಿತು. ಹಲ್ಲಿ ಬಾಲ ಬೆಳೆಸಿಕೊಂಡಂತೆ ಮನುಷ್ಯ ಮೂಳೆ ಬೆಳೆಸಿಕೊಳ್ಳುವ ವಿಡಿಯೊಗಳನ್ನು ನಮ್ಮ ನೆಂಟರು ಬೆಳಗಾಗುವುದರೊಳಗೆ ನನ್ನ ಫೋನಿಗೆ ಕಳಿಸಿರುತ್ತಿದ್ದರು. ಒಂದರಲ್ಲಿ ಇಲಿಯ ತಲೆಬುರುಡೆಗೆ ತೇಪೆ ಹಾಕಿದ್ದರು, ಇನ್ನೊಂದರಲ್ಲಿ ಕುರಿಯ ಕಾಲು ಸರಿಮಾಡಿದ್ದರು. ಇಲಿ, ಕುರಿ, ಮೊಲ, ಎಲ್ಲಕ್ಕೂ ಆಗಿಹೋಗಿದೆ. ಬಾಕಿ ಉಳಿದಿರುವುದು ಕೆ.ಆರ್. ಪುರದ ನಿವೃತ್ತ ನೌಕರರು ಮಾತ್ರ ಎಂದುಕೊಂಡೆ. ನನ್ನ ನಾದಿನಿ ಇವೆಲ್ಲ ಬೇಡವೆಂದು ದಿನಕ್ಕೆರಡು ಸಲ ರಾಗಿ ಗಂಜಿ ಕುಡಿಸಲು ಹೇಳಿದಳು. ರಾಗಿ ಕುಡಿದು ನಾಲ್ಕು ಸೆಂಟಿಮೀಟರ್ ಬೆಳೆಯುವುದಾದರೆ ಅವಳ ಗಂಡ ಇಷ್ಟು ಹೊತ್ತಿಗೆ ಬಾಗಿಲಲ್ಲಿ ಬಗ್ಗಿ ಬರಬೇಕಾಗಿತ್ತು.

ಡಾಕ್ಟರ ಬಳಿಯೂ ಒಂದು ಹೊಸದಿತ್ತು. ಡ್ರಾಯರ್ ಎಳೆದು, ಜೇನುಗೂಡಿನಂತೆ ತೂತು ತೂತಾಗಿದ್ದ ಒಂದು ಬಿಳಿ ಕೊಳವೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಮುರಿದ ಜಾಗದ ಸ್ಕ್ಯಾನ್ ನೋಡಿ, ಅದೇ ಅಳತೆಗೆ ಯಂತ್ರದಲ್ಲಿ ಪದರ ಪದರವಾಗಿ ಮುದ್ರಿಸಿದ್ದಂತೆ. ಮನೆ ಕಟ್ಟುವಾಗ ಸಾರುವೆ ನಿಲ್ಲಿಸುವ ಹಾಗೆ ಇದನ್ನು ಕಾಲಿನೊಳಗೆ ನಿಲ್ಲಿಸಿ, ರೋಗಿಯದೇ ಮಜ್ಜೆಯಿಂದ ತೆಗೆದು ಬೆಳೆಸಿದ ಜೀವಕೋಶಗಳನ್ನು ಅದರಲ್ಲಿ ತುಂಬುತ್ತಾರೆ. ಅವು ಮೂಳೆ ಕಟ್ಟುತ್ತಾ ಹೋಗುತ್ತವೆ, ಸಾರುವೆ ನಿಧಾನವಾಗಿ ತಾನೇ ಕರಗಿಹೋಗುತ್ತದೆ. ಕೇಳಲಿಕ್ಕೆ ಎಷ್ಟು ಚೆನ್ನಾಗಿತ್ತೆಂದರೆ ನನ್ನ ಕಣ್ಣಲ್ಲಿ ನೀರು ಬಂತು. ನನ್ನ ಗಂಡ ಆ ಕೊಳವೆಯನ್ನು ಎತ್ತಿಕೊಂಡು ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಫಿನಿಶಿಂಗ್ ಇಲ್ಲ. ಅಂಚೆಲ್ಲ ತರಿತರಿ ಇದೆ," ಎಂದರು.

"ಅದು ಬೇಕಂತ್ಲೇ ಹಾಗ್ ಮಾಡಿರೋದು ಸರ್. ನುಣುಪಾಗಿದ್ರೆ ಸೆಲ್ಸ್ ಹಿಡ್ಕೊಳಲ್ಲ."

"ಮಾಡಕ್ಕೆ ಬರ್ದೇ ಇದ್ದೋರೆಲ್ಲ ಹಾಗೇ ಹೇಳೋದು," ಎಂದು ಇವರು ಅದನ್ನು ಹಿಂದಕ್ಕೆ ಕೊಟ್ಟರು.

ಆದರೆ ಇವರು ಅದನ್ನು ತಿರಸ್ಕರಿಸುವ ಮೊದಲೇ ಅದು ಇವರನ್ನು ತಿರಸ್ಕರಿಸಿತ್ತು. ಅದಿನ್ನೂ ಪ್ರಯೋಗದ ಹಂತದಲ್ಲಿದೆ, ಯಾರು ಸೇರಬಹುದು ಎಂಬುದಕ್ಕೆ ನಿಯಮಗಳಿವೆ ಎಂದು ಡಾಕ್ಟರು ಹಾಳೆಯೊಂದನ್ನು ಓದಿದರು. ಅರವತ್ತು ದಾಟಿರಬಾರದು, ಇವರಿಗೆ ಅರವತ್ತಾರು. ಸಕ್ಕರೆ ಕಾಯಿಲೆ ಇರಬಾರದು, ಇದೆ. ಮುರಿದ ಜಾಗದಲ್ಲಿ ಯಾವತ್ತೂ ಕೀವಾಗಿರಬಾರದು, ಬಕೆಟ್ಟುಗಟ್ಟಲೆ ಆಗಿತ್ತು. ಒಟ್ಟಿನಲ್ಲಿ ಮೂಳೆ ಒಂದನ್ನು ಬಿಟ್ಟು ಬೇರೆಲ್ಲವೂ ಮದುಮಗನ ಹಾಗೆ ಗಟ್ಟಿಮುಟ್ಟಾಗಿರುವ ರೋಗಿ ಬೇಕಾಗಿದ್ದ. ನಾನು ಇನ್ಶೂರೆನ್ಸ್ ಕಚೇರಿಯಲ್ಲಿ ಮೂವತ್ತೊಂದು ವರ್ಷ ಇದೇ ಬಗೆಯ ನಿಯಮಗಳನ್ನು ಜನರಿಗೆ ಓದಿ ಹೇಳಿ, ಅವರ ಮುಖ ಬಾಡುವುದನ್ನು ಕಿಟಕಿಯ ಈಚೆಯಿಂದ ನೋಡಿದವಳು. ಆಚೆ ಕೂತು ಕೇಳಿದ್ದು ಅವತ್ತೇ ಮೊದಲು.

ಹಾಗಾಗಿ ನಮ್ಮ ಪಾಲಿಗೆ ಬಂದದ್ದು ಹಳೆಯ ವಿಧಾನ. ಇದು ಎಷ್ಟು ಹಳೆಯದೋ ಅಷ್ಟೇ ವಿಚಿತ್ರ. ಮೊದಲು ಸತ್ತ ಮೂಳೆ ತೆಗೆದು, ಮೇಲಿನ ತುದಿಯನ್ನೂ ಕೆಳಗಿನ ತುದಿಯನ್ನೂ ಒಂದಕ್ಕೊಂದು ಕೂಡಿಸುತ್ತಾರೆ. ಕಾಲು ನಾಲ್ಕು ಸೆಂಟಿಮೀಟರ್ ಗಿಡ್ಡವಾಗುತ್ತದೆ. ಆಮೇಲೆ ಸ್ವಲ್ಪ ಮೇಲೆ, ಎಲ್ಲಿ ಮೂಳೆ ಪರಮ ಆರೋಗ್ಯದಿಂದ ಇದೆಯೋ ಅಲ್ಲಿಗೆ ಹೋಗಿ ಅದನ್ನು ಕತ್ತರಿಸುತ್ತಾರೆ. ಕಾಲಿನ ಸುತ್ತ ಉಕ್ಕಿನ ಬಳೆಗಳು, ಬಳೆಯಿಂದ ಮೂಳೆಯೊಳಗೆ ತಂತಿಗಳು, ಬಳೆಗೂ ಬಳೆಗೂ ನಡುವೆ ಸ್ಕ್ರೂವಿನಂತೆ ಮರೆ ಕೊರೆದ ನಾಲ್ಕು ಕಂಬಿಗಳು. ಕಂಬಿಯ ನಟ್ಟುಗಳನ್ನು ತಿರುಗಿಸಿದಂತೆಲ್ಲ ಕತ್ತರಿಸಿದ ಮೂಳೆಯ ಎರಡು ತುದಿಗಳು ದಿನಕ್ಕೆ ಒಂದು ಮಿಲಿಮೀಟರ್ ದೂರ ಸರಿಯುತ್ತವೆ. ಆ ಸಂದಿಯಲ್ಲಿ ಮೂಳೆ, ಪಾಪ, ಮೋಸ ಹೋಗಿ, ಬೆಳೆದುಬಿಡುತ್ತದೆ. ನಿಧಾನವಾಗಿ ಎಳೆದರೆ ಮಾತ್ರ. ಅವಸರ ಮಾಡಿದರೆ ಅದಕ್ಕೆ ಮೋಸ ಗೊತ್ತಾಗಿಬಿಡುತ್ತದೆ.

ಆಪರೇಷನ್ ಆಗಿ ಒಂದು ವಾರಕ್ಕೆ ಡಾಕ್ಟರು ನನ್ನ ಕೈಗೆ ಒಂದು ಪುಟ್ಟ ಸ್ಪ್ಯಾನರ್ ಕೊಟ್ಟರು. ಒಂದೊಂದು ನಟ್ಟನ್ನೂ ದಿನಕ್ಕೆ ನಾಲ್ಕು ಸಲ ತಿರುಗಿಸಬೇಕು, ಸಲಕ್ಕೆ ಕಾಲು ಸುತ್ತು ಮಾತ್ರ. ಎಷ್ಟು ತಿರುಗಿತೆಂದು ನೋಡಲು ಪ್ರತಿ ನಟ್ಟಿನ ಮೇಲೂ ಒಂದು ಗುರುತಿತ್ತು. ಬೆಳಿಗ್ಗೆ ಆರು, ಹನ್ನೊಂದು, ಸಂಜೆ ನಾಲ್ಕು, ಎಂಟು. "ಹೆಚ್ಚೂ ಬೇಡ, ಕಮ್ಮೀನೂ ಬೇಡ ಮೇಡಂ. ನೀವೇ ಮಾಡಿ, ಸರ್‌ಗೆ ಹಿಂದಿನ ನಟ್ಟುಗಳು ಎಟುಕಲ್ಲ," ಎಂದರು.

ಇಲ್ಲಿ ನಮ್ಮ ಸಂಸಾರದ ಒಂದು ಸಂಗತಿ ಹೇಳಬೇಕು. ಮದುವೆಯಾದಂದಿನಿಂದ ನನ್ನ ಗಂಡ ನನ್ನ ಕೈಗೆ ಸ್ಕ್ರೂಡ್ರೈವರ್ ಕೂಡ ಕೊಟ್ಟವರಲ್ಲ. ನಾನು ನಲ್ಲಿ ನಿಲ್ಲಿಸಿದರೆ ವಾಷರ್ ಹೋಗುತ್ತದೆ, ಕುಕ್ಕರ್ ಮುಚ್ಚಿದರೆ ಹಿಡಿ ಸಡಿಲವಾಗುತ್ತದೆ, ಉಪ್ಪಿನಕಾಯಿ ಬಾಟಲಿಯ ಮುಚ್ಚಳದ ಮರೆ ಕೆಡುತ್ತದೆ ಎಂಬುದು ಅವರ ತೀರ್ಮಾನ. ಅವರ ಟೂಲ್ ಬಾಕ್ಸ್ ಮುಟ್ಟಬೇಕಾದರೆ ಅರ್ಜಿ ಹಾಕಬೇಕು. ಈಗ ಅವರದೇ ಕಾಲಿನ ನಟ್ಟುಗಳು ನನ್ನ ಕೈಗೆ ಬಂದಿದ್ದವು. ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅವರು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ಟೂಲಿನ ಮೇಲೆ ಚಾಚುತ್ತಿದ್ದರು, ನಾನು ನೆಲದ ಮೇಲೆ ಕೂರುತ್ತಿದ್ದೆ. ನನ್ನ ಮಂಡಿಗಳು ಸವೆದು ಆರೇಳು ವರ್ಷವಾಗಿತ್ತು. ಕೂರುವಾಗ ಒಂದು ಸದ್ದು, ಏಳುವಾಗ ಎರಡು ಸದ್ದು. ಏಳಲಿಕ್ಕೆ ಮಂಚದ ಕಾಲನ್ನೋ ಕಿಟಕಿಯ ಕಂಬಿಯನ್ನೋ ಹಿಡಿಯಬೇಕಿತ್ತು. ಇವರು ಮೇಲಿನಿಂದ ಉಸ್ತುವಾರಿ. "ಸ್ಪ್ಯಾನರ್ ನೇರ ಹಿಡಿ. ಎಳೀಬೇಡ, ಒತ್ತು. ಹಾಂ, ಸಾಕು. ಸಾಕು ಅಂದ್ನಲ್ಲ." ಕಾರ್ಖಾನೆಯಲ್ಲಿ ಇವರ ಕೈಕೆಳಗೆ ಕೆಲಸ ಕಲಿತವರ ಮೇಲೆ ನನಗೆ ತಡವಾಗಿಯಾದರೂ ಕನಿಕರ ಹುಟ್ಟಿತು. ತಿರುಗಿಸುವಾಗ ಅವರಿಗೆ ನೋವಾಗುತ್ತಿತ್ತು. ಬೆವರು ಬರುತ್ತಿತ್ತು, ಆದರೆ ಬಾಯಲ್ಲಿ ನೋವಿನ ಮಾತು ಬರುತ್ತಿರಲಿಲ್ಲ, ನನ್ನ ಕೈ ಸರಿಯಿಲ್ಲ ಎಂಬ ಮಾತೇ ಬರುತ್ತಿತ್ತು.

ಮಧ್ಯಾಹ್ನ ಎರಡಕ್ಕೆ ಹಲಸೂರಿನಿಂದ ಇವರ ಗೆಳೆಯರು ಬರುತ್ತಿದ್ದರು. ಅದೇ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು; ಇವರು ಮಾಡಿದ್ದನ್ನು ಅವರು ಅಳೆಯುವುದು, ಅವರು ಅಳೆದದ್ದನ್ನು ಇವರು ಒಪ್ಪದಿರುವುದು, ಹೀಗೆ ಶುರುವಾದ ಸ್ನೇಹ. ಮನೆಮಾತು ತಮಿಳು, ಜಗಳ ಮಾತ್ರ ಕನ್ನಡದಲ್ಲಿ. ಭಾನುವಾರ ಶಿವಾಜಿನಗರದಿಂದ ಕ್ಯಾನಿನಲ್ಲಿ ಕಾಲು ಸೂಪು ತರುತ್ತಿದ್ದರು. ಆಡಿನ ಕಾಲನ್ನು ಕರಗಿಸಿ ಗೆಳೆಯನ ಕಾಲಿಗೆ ಎರಕ ಹೊಯ್ಯಬಹುದೆಂದು ಅವರ ಲೆಕ್ಕ. ನಾನು ಆ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಒಂದು ಗಂಟೆ ಮಲಗುತ್ತಿದ್ದೆ. ನಿದ್ದೆ ಹತ್ತುವವರೆಗೆ ಅವರ ಮಾತು ಕಿವಿಗೆ ಬೀಳುತ್ತಿತ್ತು.

"ಒಂದು ಸುತ್ತಿಗೆ ಒಂದು ಮಿಲಿಮೀಟರ್ ಗುರು. ಡಾಕ್ಟ್ರು ಡ್ರಾಯಿಂಗ್‌ನಲ್ಲಿ ಒಂದು ಅಂತ ಬರ್ದಿದ್ದಾರೆ," ಎನ್ನುತ್ತಿದ್ದರು ಗೆಳೆಯರು.

"ಡ್ರಾಯಿಂಗ್ ಬರ್ಯೋರು ಯಾವಾಗ್ಲೂ ಹೆದರ್ಕೊಂಡೇ ಬರೀತಾರಪ್ಪ," ಇವರ ಉತ್ತರ. "ಒಂದು ಅಂತ ಬರ್ದಿದ್ರೆ ಎರಡು ತಡ್ಕೊಳುತ್ತೆ ಅಂತ ಅರ್ಥ. ನಮ್ಮ ಮೆಷಿನ್‌ಗಳನ್ನ ನಾವು ಹಾಗೇ ಓಡ್ಸಿದ್ದಲ್ವಾ? ಒಂದಾದ್ರೂ ಕೆಡ್ತಾ?"

ಹಳೆಯ ಕಾರ್ಖಾನೆಯ ಮಾತು ಎಂದುಕೊಂಡು ನಾನು ಮಗ್ಗುಲು ಬದಲಾಯಿಸುತ್ತಿದ್ದೆ. ಕಾರ್ಖಾನೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಮೇಲಿನವರು ಎಂಟು ಗಂಟೆಯ ಕೆಲಸ ಎಂದು ಬರೆದಿದ್ದನ್ನು ಇವರೆಲ್ಲ ಯಂತ್ರದ ವೇಗ ಏರಿಸಿ ನಾಲ್ಕೈದು ಗಂಟೆಯಲ್ಲಿ ಮುಗಿಸಿ, ಉಳಿದ ಹೊತ್ತು ಹುಲ್ಲಿನ ಮೇಲೆ ಕೂತು ಇಸ್ಪೀಟು ಆಡುತ್ತಿದ್ದರು. ಅದನ್ನು ಕಳ್ಳತನ ಎಂದು ಯಾರೂ ಕರೆಯುತ್ತಿರಲಿಲ್ಲ, ಅನುಭವ ಎನ್ನುತ್ತಿದ್ದರು.

ಎರಡು ವಾರಕ್ಕೆ ಎಕ್ಸ್‌ರೇ ತೆಗೆಸಲು ಹೋದೆವು. ಹೊಸ ಮೂಳೆ ಮೊದಲು ಮೂಳೆಯಂತೆ ಕಾಣುವುದಿಲ್ಲ, ಸಂದಿಯಲ್ಲಿ ಮಂಜು ಕವಿದಂತೆ ಮಬ್ಬಾಗಿ ಕಾಣುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ಕನ್ನಡಕ ಒರೆಸಿಕೊಂಡು ಮಬ್ಬು ಹುಡುಕಿದೆ. ಸಂದಿ ಕಪ್ಪಗೆ, ಚೊಕ್ಕಟವಾಗಿ, ಖಾಲಿಯಾಗಿತ್ತು. ಡಾಕ್ಟರು ಅಳೆದರು. ಮತ್ತೊಮ್ಮೆ ಅಳೆದರು. ಹದಿನಾಲ್ಕು ಮಿಲಿಮೀಟರ್ ಇರಬೇಕಾದ ಕಡೆ ಇಪ್ಪತ್ತೆರಡು ಇತ್ತು.

"ಮೇಡಂ, ದಿನಕ್ಕೆ ಎಷ್ಟ್ ಸಲ ತಿರುಗಿಸ್ತಿದ್ದೀರಾ?"

"ನಾಲ್ಕು. ನೀವು ಹೇಳಿದಷ್ಟೇ."

"ಒಂದೊಂದ್ಸಲ ಮರ್ತು ಎರಡೆರಡು ಸಲ ತಿರುಗಿಸಿರಬಹುದಾ? ಬೇಜಾರು ಮಾಡ್ಕೋಬೇಡಿ. ವಯಸ್ಸಾದೋರಿಗೆ ಆಗುತ್ತೆ. ಇಷ್ಟು ಬೇಗ ಎಳೆದ್ರೆ ಮೂಳೆ ಬರಲ್ಲ ಮೇಡಂ. ಬರದೇ ಇದ್ರೆ ನಾನು ಮೊದಲ ದಿನ ಹೇಳಿದ್ದೆ ನೋಡಿ, ಆ ದಾರಿನೇ ಉಳಿಯೋದು."

ನಾನು ಗಂಡನ ಮುಖ ನೋಡಿದೆ. ಮೇಲೆ ಕೂತು ಒಂದೊಂದು ಕಾಲು ಸುತ್ತನ್ನೂ ಉಸ್ತುವಾರಿ ಮಾಡಿದವರು. ಸರಿಯಾಗಿಯೇ ತಿರುಗಿಸಿದ್ದಾಳೆ ಎಂದು ಒಂದು ಮಾತು ಹೇಳಲಿ ಎಂದು ಕಾದೆ. ಅವರು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ಎಂದೂ ನೋಡದವರಂತೆ ನೋಡುತ್ತಿದ್ದರು. ಆಮೇಲೆ ಕೆಮ್ಮಿ, "ನಿಮ್ಮ ಎಕ್ಸ್‌ರೇ ಮೆಷಿನ್ ಕ್ಯಾಲಿಬ್ರೇಷನ್ ಆಗಿ ಎಷ್ಟ್ ದಿನ ಆಯ್ತು?" ಎಂದು ಕೇಳಿದರು. ಡಾಕ್ಟರು ಎಕ್ಸ್‌ರೇಯನ್ನು ಕವರಿನೊಳಗೆ ಹಾಕಿದರು. ಒಂದು ವಾರ ಏನನ್ನೂ ತಿರುಗಿಸಬೇಡಿ, ಆಮೇಲೆ ನೋಡೋಣ ಎಂದರು.

ಮುಂದಿನ ಮೂರು ದಿನ ನನ್ನ ತಲೆಯ ಮೇಲೆ ನನಗೇ ನಂಬಿಕೆ ಹೋಯಿತು. ಕಚೇರಿಯಲ್ಲಿ ಒಂದು ಕಡತವನ್ನೂ ಕಳೆದವಳಲ್ಲ ನಾನು. ಈಗ ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ಹೋಗಿ ನೋಡುವಂತಾಯಿತು. ಬೆಳಗಿನ ಮಾತ್ರೆ ನುಂಗಿ, ನುಂಗಿದೆನೋ ಇಲ್ಲವೋ ಎಂದು ಬೆವರಿದೆ. ಅಡುಗೆಮನೆಯಲ್ಲಿ ನಿಂತು ಒಂದೊಂದು ದಿನವನ್ನೂ ನೆನಪಿಸಿಕೊಂಡು ಬೆರಳು ಮಡಚಿದೆ. ಎಷ್ಟು ಎಣಿಸಿದರೂ ನಾಲ್ಕೇ ಬರುತ್ತಿತ್ತು. ಹುಚ್ಚು ಹಿಡಿದವರಿಗೂ ಅವರ ಲೆಕ್ಕ ಸರಿಯಾಗಿಯೇ ಬರುತ್ತದಲ್ಲ ಎಂದು ಅಳು ಬಂತು. ಇವರ ಕಾಲು ಹೋದರೆ ಅದು ನನ್ನ ಕೈಯಿಂದ ಹೋದಂತೆ. ಇವರೋ, ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ತಿಂದು ಏಳುತ್ತಿದ್ದರು. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಯಾವ ಕೆಲಸದಲ್ಲೂ ತಪ್ಪು ಹುಡುಕಲಿಲ್ಲ. ನನ್ನ ಮೇಲಿನ ಕರುಣೆ ಎಂದುಕೊಂಡು ನಾನು ಇನ್ನಷ್ಟು ಅತ್ತೆ. ಎಂಥ ದಡ್ಡಿ ನಾನು.

ನಾಲ್ಕನೆಯ ದಿನ ಹಾಸಿಗೆಯ ಬಟ್ಟೆ ಬದಲಾಯಿಸುವಾಗ ಇವರ ದಿಂಬಿನ ಕವರಿನಿಂದ ಏನೋ ಜಾರಿ ನೆಲಕ್ಕೆ ಬಿತ್ತು. ಬಗ್ಗಿ ನೋಡಿದರೆ ಸ್ಪ್ಯಾನರ್. ನನ್ನದಲ್ಲ, ನನ್ನದು ದೇವರ ಪಟದ ಪಕ್ಕ ಡಬ್ಬಿಯಲ್ಲಿತ್ತು. ಇದು ಇವರ ಟೂಲ್ ಬಾಕ್ಸಿನದು, ಹಿಡಿಯ ಮೇಲೆ ಇವರ ಕಾರ್ಖಾನೆಯ ಟೋಕನ್ ನಂಬರ್ ಕೆತ್ತಿತ್ತು. ಅಳತೆ ಅದೇ. ಇವರು ಬಚ್ಚಲಲ್ಲಿ ವಾಕರ್ ಹಿಡಿದು ಮುಖ ತೊಳೆಯುತ್ತಿದ್ದರು. ನಾನು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಅಡುಗೆಮನೆಗೆ ಹೋದೆ.

ಎರಡು ಗಂಟೆಗೆ ಗೆಳೆಯರು ಬಂದರು. ಅವತ್ತು ನಾನು ಮಲಗಲಿಲ್ಲ. ಟ್ರೇಯಲ್ಲಿ ಎರಡು ಲೋಟ ಕಾಫಿ, ನಡುವೆ ತಟ್ಟೆಯಲ್ಲಿ ಚಕ್ಕುಲಿ ಇಡುವ ಜಾಗದಲ್ಲಿ ಸ್ಪ್ಯಾನರ್ ಇಟ್ಟು, ತೆಗೆದುಕೊಂಡು ಹೋಗಿ ಇಬ್ಬರ ಮುಂದೆ ಹಿಡಿದೆ.

"ತಗೊಳಿ. ಬಿಸಿಬಿಸಿಯಾಗಿದೆ," ಎಂದೆ.

ಇನ್‌ಸ್ಪೆಕ್ಷನ್ ವಿಭಾಗದವರು ಸ್ಪ್ಯಾನರ್ ನೋಡಿದರು, ನನ್ನ ಗಂಡನನ್ನು ನೋಡಿದರು, ಆಮೇಲೆ ಬಾಗಿಲ ಹತ್ತಿರ ಬಿಟ್ಟಿದ್ದ ತಮ್ಮ ಚಪ್ಪಲಿಯನ್ನು ನೋಡಿದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಹಿಂದಿನ ನಟ್ಟುಗಳು ಇವರಿಗೆ ಎಟುಕಲ್ಲ. ಅದನ್ನ ಯಾರು ತಿರುಗಿಸಿದ್ದು ಅಣ್ಣ?"

"ನಾನೇ ಸಿಸ್ಟರ್," ಎಂದರು ಅವರು, ಬಹಳ ಸಣ್ಣ ದನಿಯಲ್ಲಿ. "ಎಂಟು ದಿನ, ದಿನಕ್ಕೆ ಒಂದು ಸುತ್ತು. ಪೂರ್ತಿ ಒಂದು ಸುತ್ತು ಹಾಕಿದ್ರೆ ನಟ್ಟು ಮೇಲಿನ ಗುರುತು ಅಲ್ಲೇ ಬಂದು ನಿಂತ್ಕೊಳುತ್ತೆ, ನಿಮ್ಗೆ ಗೊತ್ತಾಗಲ್ಲ ಅಂತ ಇವನೇ ಹೇಳ್ದ."

ಎಷ್ಟು ಅಚ್ಚುಕಟ್ಟು ನೋಡಿ. ಹೆಂಡತಿಗೆ ಮೋಸ ಮಾಡುವುದರಲ್ಲೂ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಿಲ್ಲ.

"ರೀ, ಎರಡು ಮಿಲಿಮೀಟರ್ ತಡ್ಕೊಳಕ್ಕೆ ಅದು ನಿಮ್ಮ ಲೇತ್ ಮೆಷಿನ್ನಾ?" ಎಂದೆ. ದನಿ ಏರಿತು, ಏರಲಿ ಎಂದು ಬಿಟ್ಟೆ. "ಅದು ಹೋಗ್ಲಿ. ಡಾಕ್ಟ್ರು ನನಗೆ ಮರೆವು ಅಂದಾಗ ಗೋಡೆ ನೋಡ್ತಾ ಕೂತಿದ್ರಲ್ಲ. ಮೂರು ದಿನದಿಂದ ನಾನು ಅಳ್ತಾ ಇದೀನಿ, ಅನ್ನ ಹಾಕಿಸ್ಕೊಂಡು ತಿಂತಾ ಇದ್ರಲ್ಲ. ಕಾಲು ಹೋದ್ರೆ ನಿಮ್ದು ಹೋಗ್ತಿತ್ತು. ನನ್ನ ತಲೆ ಹೋಗ್ತಾ ಇತ್ತು."

ಉತ್ತರ ಕೊಟ್ಟದ್ದು ಗೆಳೆಯರು.

"ಬೇಗ ಮುಗೀಲಿ ಅಂತ ಸಿಸ್ಟರ್. ನೀವು ದಿನಕ್ಕೆ ನಾಲ್ಕು ಸಲ ನೆಲಕ್ಕೆ ಕೂತು ಏಳ್ತೀರಲ್ಲ, ಅದನ್ನ ನೋಡಕ್ಕಾಗಲ್ಲ ಅಂತಿದ್ದ. ನಲವತ್ತು ದಿನ ಅಂದ್ರೆ ನೂರರವತ್ತು ಸಲ ಅವಳ ಮಂಡಿ ಬಗ್ಗಬೇಕು, ಇಪ್ಪತ್ತಕ್ಕೆ ಮುಗಿಸ್ಬಿಟ್ರೆ ಅರ್ಧ ಉಳಿಯುತ್ತೆ ಅಂತ ಲೆಕ್ಕ ಹಾಕ್ದ."

ಕೋಪ ಇಳಿಯಿತು ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ಇಳಿಯಲಿಲ್ಲ. ಇನ್ನೂ ಹೆಚ್ಚಾಯಿತು, ಅದರೊಳಗೆ ಇನ್ನೊಂದು ಏನೋ ಸೇರಿಕೊಂಡಿತು. ಏಳುವಾಗ ಒಂದು ದಿನವೂ ಕೈ ನೀಡದ ಮನುಷ್ಯ, ನನ್ನ ಮಂಡಿಗಾಗಿ ತನ್ನ ಕಾಲನ್ನೇ ಕೆಡಿಸಿಕೊಂಡು ಕೂತಿದ್ದಾನೆ. ಇವನನ್ನು ಏನು ಮಾಡುವುದು? "ನಾಳೆ ಡಾಕ್ಟ್ರ ಹತ್ರ ನೀವೇ ಹೇಳ್ಬೇಕು. ನಾನಲ್ಲ, ಅಣ್ಣ ಅಲ್ಲ, ನೀವು," ಎಂದು ಒಳಗೆ ಹೋಗಿಬಿಟ್ಟೆ.

ಹೇಳಿದರು. ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂತು, ಕಾರ್ಖಾನೆಯ ವಿಚಾರಣೆಯಲ್ಲಿ ನಿಂತವರ ಹಾಗೆ, "ಡಾಕ್ಟ್ರೇ, ತಿರುಗಿಸಿದ್ದು ನಾನು. ಅವಳು ನೀವು ಹೇಳಿದಷ್ಟೇ ಮಾಡಿದ್ಲು. ಆಪರೇಟರ್ ತಪ್ಪಲ್ಲ, ಸೂಪರ್‌ವೈಸರ್ ತಪ್ಪು," ಎಂದರು. ಅಷ್ಟು ಹೇಳಲು ಅವರ ಕಿವಿಗಳೆಲ್ಲ ಕೆಂಪಾದವು. ಡಾಕ್ಟರು ಬೈಯುತ್ತಾರೆ ಎಂದು ನಾನು ಆಸೆಯಿಂದ ಕಾದಿದ್ದೆ. ಅವರು ನನ್ನ ಕಡೆ ತಿರುಗಿ, "ಸಾರಿ ಮೇಡಂ, ನಾನು ಹಾಗ್ ಕೇಳ್ಬಾರ್ದಾಗಿತ್ತು," ಎಂದರು. ಕಾರಣ ಸಿಕ್ಕಿತಲ್ಲ ಎಂದು ಅವರ ಮುಖ ಅರಳಿತ್ತು. ಕಾರಣವಿಲ್ಲದೆ ಮೂಳೆ ಬೆಳೆಯದಿರುವುದು ಡಾಕ್ಟರಿಗೆ ದೊಡ್ಡ ಅವಮಾನವಂತೆ.

ನಟ್ಟುಗಳನ್ನು ಹಿಂದಕ್ಕೆ ತಿರುಗಿಸಿ ತುದಿಗಳನ್ನು ಮತ್ತೆ ಹತ್ತಿರ ತರಬೇಕಾಯಿತು. ಅದೂ ನಿಧಾನವಾಗಿ, ಅದೂ ನನ್ನ ಕೈಯಿಂದ. ನನ್ನ ಮಂಡಿ ಉಳಿಸುವ ಯೋಜನೆಯಿಂದ ನನಗೆ ಸಿಕ್ಕ ಲಾಭ ಇದು. ಆಮೇಲೆ ಡಾಕ್ಟರು ಹೊಸ ವಿದ್ಯೆಗಳಲ್ಲಿ ಇವರ ವಯಸ್ಸಿಗೂ ಸಕ್ಕರೆಗೂ ದಕ್ಕುವಂಥ ಒಂದನ್ನು ಹೊರತೆಗೆದರು. ಸೊಂಟದ ಮೂಳೆಗೆ ದಪ್ಪ ಸೂಜಿ ಚುಚ್ಚಿ ಮಜ್ಜೆ ಎಳೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಮೂಳೆ ಕಟ್ಟುವ ಕೋಶಗಳು ಹೆಚ್ಚಿರುವ ಭಾಗವನ್ನು ಮಾತ್ರ ಬೇರೆ ಮಾಡಿ ಆ ಸಂದಿಗೆ ಸೇರಿಸುವುದು. ಕೆಲವರಲ್ಲಿ ಕೆಲಸ ಮಾಡುತ್ತದೆ, ಕೆಲವರಲ್ಲಿ ಮಾಡುವುದಿಲ್ಲ, ಯಾಕೆಂದು ಇನ್ನೂ ಪೂರ್ತಿ ಗೊತ್ತಿಲ್ಲ, ಇದೇ ಕೊನೆಯ ಪ್ರಯತ್ನ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ನನ್ನ ಗಂಡ ಯಾವ ಅಳತೆಯನ್ನೂ ಕೇಳದೆ ಸಹಿ ಹಾಕಿದರು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ತಂದಿತು.

ಮುಂದಿನ ಎಕ್ಸ್‌ರೇವರೆಗಿನ ನಾಲ್ಕು ವಾರ ನಾನು ಯಾವ ದೇವರನ್ನೂ ಬಿಡಲಿಲ್ಲ. ಸರ್ವಜ್ಞನಗರದಲ್ಲಿರುವ ನನ್ನ ಹಳೆಯ ಸಹೋದ್ಯೋಗಿ ತನ್ನ ಚರ್ಚಿನಲ್ಲಿ ಒಂದು ಮೇಣದಬತ್ತಿ ಹಚ್ಚಲೇ ಎಂದು ಕೇಳಿದಾಗ, ಒಂದು ಯಾಕೆ, ನಾಲ್ಕು ಹಚ್ಚು, ಸೆಂಟಿಮೀಟರಿಗೆ ಒಂದರಂತೆ ಎಂದೆ. ಸೂಪು ಬರುತ್ತಲೇ ಇತ್ತು, ರಾಗಿಯೂ ಶುರುವಾಯಿತು. ನಾಳೆ ಏನಾದರೂ ಒಳ್ಳೆಯದಾದರೆ ಯಾವುದರಿಂದ ಆಯಿತೆಂದು ಯಾರಿಗೂ ಗೊತ್ತಾಗಬಾರದು, ಅಷ್ಟು ಎಲ್ಲವನ್ನೂ ಮಾಡಿದೆ.

ಎಕ್ಸ್‌ರೇ ಬಂದಾಗ ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. ಕಪ್ಪು ಸಂದಿಯ ಎರಡೂ ಬದಿಯಿಂದ ಬೂದಿ ಬಣ್ಣದ್ದು ಏನೋ ಕವಿದಿತ್ತು. ಸರಿಯಾಗಿ ಒರೆಸದ ಗಾಜಿನ ಮೇಲೆ ಉಳಿಯುವ ಕಲೆಯಂತೆ, ನೋಡಲಿಕ್ಕೆ ಏನೇನೂ ಚೆಂದವಿಲ್ಲ. ನಾನು ಅದಕ್ಕಿಂತ ಚೆಂದವಾದದ್ದನ್ನು ಕಂಡಿಲ್ಲ. ಡಾಕ್ಟರು ಅದರ ಫೋಟೊ ತೆಗೆದುಕೊಂಡು ಯಾವುದೋ ಸಮ್ಮೇಳನದಲ್ಲಿ ತೋರಿಸಬಹುದೇ ಎಂದು ಅನುಮತಿ ಕೇಳಿದರು. ಮಜ್ಜೆ ಚಿಕಿತ್ಸೆಯ ಯಶಸ್ಸು ಎಂದು ತೋರಿಸುತ್ತಾರಂತೆ. ಸ್ಲೈಡಿನಲ್ಲಿ ಸೂಪಿಗೂ ಮೇಣದಬತ್ತಿಗೂ ಜಾಗವಿರಲಿಲ್ಲ.

ಮುಂದೆ ಅರ್ಧ ವೇಗ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಂದು, ಸಂಜೆ ಒಂದು. ಇವರ ಟೂಲ್ ಬಾಕ್ಸಿನ ಬೀಗದ ಕೈ ನನ್ನ ಬಳಿ ಇತ್ತು. ಮೂರು ಸೆಂಟಿಮೀಟರ್ ಮುಟ್ಟಿದ ದಿನ ಡಾಕ್ಟರು ಎಕ್ಸ್‌ರೇ ನೋಡಿ, ಕಾಲು ಉಳಿಯಿತು, ಇನ್ನು ಆ ಹೆದರಿಕೆ ಬೇಡ ಎಂದರು. ನಾನು ಅಲ್ಲೇ ಕುರ್ಚಿಯ ಮೇಲೆ ಕೂತು ಸೆರಗು ಬಾಯಿಗೆ ಹಿಡಿದು ಅತ್ತೆ. ಅಳುವುದಕ್ಕೆ ಇಷ್ಟು ದಿನ ಬೇರೆ ಬೇರೆ ಕಾರಣಗಳಿದ್ದವು, ಇದೊಂದು ಹಿತವಾಗಿತ್ತು.

"ಇನ್ನೊಂದು ಸೆಂಟಿಮೀಟರ್ ಇದೆ ಸರ್," ಎಂದರು ಡಾಕ್ಟರು. "ಇಪ್ಪತ್ತು ದಿನ ತಿರುಗಿಸಿದ್ರೆ ಎರಡೂ ಕಾಲು ಸಮ ಆಗುತ್ತೆ. ಬೇಡ ಅಂದ್ರೆ ಇಲ್ಲಿಗೇ ನಿಲ್ಲಿಸ್ಬಹುದು. ಶೂ ಒಳಗೆ ಒಂದು ಪ್ಯಾಡ್ ಹಾಕ್ಕೊಂಡ್ರೆ ನಡೀಬಹುದು, ಸ್ವಲ್ಪ ಕುಂಟು ಇರುತ್ತೆ ಅಷ್ಟೆ."

ನನ್ನ ಗಂಡ ಒಂದು ಕ್ಷಣವೂ ಯೋಚಿಸಲಿಲ್ಲ. "ಸಾಕು ಡಾಕ್ಟ್ರೇ. ಒಂದು ಸೆಂಟಿಮೀಟರ್ ತಾನೆ, ಪರ್ವಾಗಿಲ್ಲ. ಪಾಸ್ ಮಾಡಿ."

ಡಾಕ್ಟರು ಕಾಗದಕ್ಕೆ ಪೆನ್ನು ಇಟ್ಟರು. ನಾನು ಇವರ ಮುಖ ನೋಡಿದೆ. ಇವರು ಈ ಸಲ ಗೋಡೆ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು, ನನ್ನ ಕಾಲು ಇದ್ದ ಕಡೆ.

"ಬರೀಬೇಡಿ ಡಾಕ್ಟ್ರೇ," ಎಂದೆ. "ಇಪ್ಪತ್ತು ದಿನ ತಿರುಗಿಸ್ತೀವಿ. ಇವರು ಜೀವನ ಪೂರ್ತಿ ಕುಂಟ್ಕೊಂಡು ನನ್ನ ಮುಂದೆ ಓಡಾಡೋದನ್ನ ನನಗೂ ನೋಡಕ್ಕಾಗಲ್ಲ."

ಆ ಸಂಜೆ ನಾಲ್ಕಕ್ಕೆ ನಾನು ಸ್ಪ್ಯಾನರ್ ತೆಗೆದುಕೊಂಡು ನೆಲದ ಮೇಲೆ ಕೂತೆ. ಇವರು ನೇರ ಹಿಡಿ ಎನ್ನಲಿಲ್ಲ, ಒತ್ತು ಎನ್ನಲಿಲ್ಲ, ಸಾಕು ಎನ್ನಲಿಲ್ಲ. ಕೊನೆಯ ನಟ್ಟು ತಿರುಗಿಸಿ ತಲೆ ಎತ್ತಿದರೆ, ನಾನು ಹಿಡಿದುಕೊಂಡು ಏಳಲೆಂದು ಅವರು ಎರಡೂ ಕೈ ಚಾಚಿಕೊಂಡು ಕಾಯುತ್ತಿದ್ದರು.